ಗೋದುಬಾಯಿ ಹಾಕಿದ ಕಪ್ಪು

ಬಣ್ಣಗಾರರ ಮನೆಯೆಂದರೆ ಮಂದಿಯ ಬಟ್ಟೆ ತುಂಬಿಕೊಂಡ ಮನೆ. ಇಂದೂರು, ಪಾಳಾ ಕಡೆಯ ಹೆಂಗಸರು ಮಾಸಿ ಕೆಂಪಗಾದ ಕಪ್ಪು ಚಂದ್ರಕಾಳಿ ಸೀರೆಗಳನ್ನು ಗಂಟು ಕಟ್ಟಿ ತಂದು ಮುಂಡಗೋಡದ ಗೋದುಬಾಯಿಯ ಕಟ್ಟೆಯ ಮೇಲೆ ಇಟ್ಟು ನಿಶ್ಚಿಂತೆಯಿಂದ ಸಂತೆಗೆ ಹೋಗುತ್ತಿದ್ದರು. ಅಳಲೆಕಾಯಿ ಕುದಿಸಿದ ನೀರು, ಬೆಲ್ಲದಲ್ಲಿ ಕೊಳೆಹಾಕಿದ ತುಕ್ಕುಕಬ್ಬಿಣದ ರಸ, ಎರಡನ್ನೂ ಬೆರೆಸಿ ಅದ್ದಿ ತೆಗೆದರೆ ಸೀರೆ ಮತ್ತೆ ಕರ್ರಗೆ ಮಿಂಚುತ್ತಿತ್ತು. ಗಂಡ ತೀರಿಕೊಂಡ ಮೇಲೂ ಆಕೆ ಭಟ್ಟಿಯ ಬೆಂಕಿ ಆರಗೊಡಲಿಲ್ಲ. ಮಾತು ಸ್ವಲ್ಪ ಖಾರ, ಮನಸ್ಸು ಸ್ವಚ್ಛ. ಕೊಟ್ಟ ಬಟ್ಟೆ ಬದಲಿ ಮಾಡಿದಳೆಂದು ಒಬ್ಬರೂ ಆಕೆಯತ್ತ ಬೆರಳು ತೋರಿಸಿರಲಿಲ್ಲ. ಆ ಹೆಸರಿನ ಮೇಲೆಯೇ ಆಕೆಯ ಹೊಟ್ಟೆ ನಡೆಯುತ್ತಿತ್ತು, ಅದೊಂದು ಹೋದೀತೆಂಬುದೇ ಆಕೆಯ ಹೆದರಿಕೆ.

ಟಿಬೆಟನ್ ಕಾಲೊನಿ ಆದಮೇಲೆ ಅಲ್ಲಿನ ಯಾಂಗ್‌ಜೋಮ್ ಎಂಬ ಹೆಂಗಸು ಉಣ್ಣೆಯ ಲಡಿಗಳನ್ನು ಬಣ್ಣಕ್ಕೆ ತರತೊಡಗಿದಳು. ಜೊತೆಗೆ ಕಾಲೊನಿಯ ಗೋವಿನಜೋಳ ಖರೀದಿ ಮಾಡುವ ಹಾಶಿಮ. ಅವಳ ಹರಕು ಹಿಂದಿಯನ್ನು ಅವನು ಕನ್ನಡಕ್ಕೆ ತಿರುಗಿಸಬೇಕು, ಗೋದುಬಾಯಿಯ ಬೈಗುಳ ಬಿಟ್ಟು ಉಳಿದದ್ದನ್ನು ಹಿಂದಿಗೆ ತಿರುಗಿಸಬೇಕು. ಹಾಗೆ ಬೆಳೆದ ಗೆಳೆತನ ಅದು.

ಒಂದು ದೀಪಾವಳಿ ಮುಗಿದ ಮೇಲೆ ಯಾಂಗ್‌ಜೋಮ್ ಮಡಿಲಲ್ಲಿ ಒಂದು ನಾಯಿಮರಿ ತಂದಳು. ಮೈತುಂಬ ಕೂದಲು, ಕಣ್ಣು ಎಲ್ಲಿವೆ ಎಂದು ಹುಡುಕಬೇಕು, ಬಣ್ಣ ಇದ್ದಿಲಿನಂಥ ಕಪ್ಪು.

"ಗೋದಕ್ಕ, ಇವರು ಸ್ವೆಟರ್ ಮಾರಾಕ ಉತ್ತರದ ಕಡೆ ಹೊಂಟಾರ, ಬ್ಯಾಸಗಿಗೆ ಬರ್ತಾರ," ಎಂದ ಹಾಶಿಮ. "ಮರೀನ ರೈಲಿನ್ಯಾಗ ಒಯ್ಯಾಕ ಆಗೂದಿಲ್ಲಂತ. ಇದರವ್ವನ್ನ ನಾಡು ಬಿಟ್ಟು ಬರೂವಾಗ ಹಿಮದಾಗ ಇವರು ಎದಿಗೆ ಕಟಗೊಂಡು ತಂದಿದ್ರಂತ. ಇಲ್ಲಿಗೆ ಬಂದು ಇದೊಂದನ್ನ ಹಡದು ಸತ್ತೈತಿ. ಇದರ ಮ್ಯಾಲ ಭಾಳ ಜೀವ ರೀ."

"ಹೆಂಗ ಕೊಟ್ಟಾಳೋ ಹಂಗ ತಿರುಗಿ ಕೊಡ್ತೇನಿ ಅಂತ ಹೇಳ್ರಿ," ಎಂದಳು ಗೋದುಬಾಯಿ.

ಸಂಕ್ರಾಂತಿ ಕಳೆದಿತ್ತು. ಬಿಸಿಲಿಗೆ ಕೂತು ಮರಿಯ ಮೈಯಿಂದ ಮುಳ್ಳು ತೆಗೆಯುತ್ತಿದ್ದವಳು ಕೂದಲು ಬಗೆದು ನೋಡಿದಳು. ಬುಡದಲ್ಲಿ ಕಪ್ಪೇ ಇಲ್ಲ! ಬೇರೆ ಕಡೆ ಬಗೆದಳು, ಅಲ್ಲಿಯೂ ಇಲ್ಲ. ಜೋಳದ ರೊಟ್ಟಿಯ ಉಷ್ಣವೇ? ಬಾವಿಯ ನೀರೇ? ಯಾರ ದೃಷ್ಟಿ ಬಿತ್ತು? ಬಣ್ಣ ಹೋಗುವುದನ್ನು ಜನ್ಮವಿಡೀ ನೋಡಿದವಳು ಆಕೆ. ಆದರೆ ಬಣ್ಣ ತುದಿಯಿಂದ ಮಾಸುತ್ತದೆ, ಬಿಸಿಲು ಬಿದ್ದಲ್ಲಿ ಮಾಸುತ್ತದೆ. ಬುಡದಿಂದ ಮಾಸುವ ಕಪ್ಪನ್ನು ಆಕೆ ಕಂಡಿರಲಿಲ್ಲ, ಕೇಳಿರಲಿಲ್ಲ.

ಶಿವರಾತ್ರಿಯ ಹೊತ್ತಿಗೆ ಮರಿಯ ಬೆನ್ನೆಲ್ಲ ಹೊಸ ಬೆಲ್ಲದ ಬಣ್ಣಕ್ಕೆ ತಿರುಗಿತ್ತು. ಮೂತಿಯ ಸುತ್ತ, ಕಿವಿಯ ತುದಿಗೆ ಮಾತ್ರ ಕಪ್ಪು. ಪಕ್ಕದ ಮನೆಯ ನೀಲಕ್ಕ ಬಂದು ಗಲ್ಲಕ್ಕೆ ಕೈಯಿಟ್ಟಳು.

"ಯವ್ವಾ! ಇದು ಆ ಮರಿ ಅಲ್ಲ ಬಿಡ. ಯಾರೋ ಬದಲಿ ಮಾಡ್ಯಾರ ನೋಡ."

ಆ ಒಂದು ಮಾತು ಸಾಕಾಯಿತು. ಗೋದುಬಾಯಿಗೆ ಅನ್ನ ರುಚಿಸಲಿಲ್ಲ. ನೀಲಕ್ಕ ಹೀಗೆನ್ನುವಾಗ ನಾಯಿಯ ಒಡತಿ ಬಂದು ಏನೆನ್ನಬೇಕು? ನಾಳೆ ಸೀರೆ ಕೊಡುವವರು ಏನೆನ್ನಬೇಕು? ಹೋಳಿಯ ಮರುದಿನ, ಸ್ವೆಟರಿನವರು ಊರಿಗೆ ತಿರುಗಿ ಬಂದರೆಂಬ ಸುದ್ದಿ ಬಂತು. ಗೋದುಬಾಯಿ ಎದ್ದು ಸೆರಗು ಸಿಕ್ಕಿಸಿದಳು. ಬಣ್ಣ ಹೋದ ವಸ್ತುವಿಗೆ ಏನು ಮಾಡಬೇಕೆಂದು ಆಕೆಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಕಪ್ಪು ಬಣ್ಣದ ರಸವನ್ನು ಬಾಣಂತಿಯ ಕೂಸಿಗೆ ಎರೆಯುವಷ್ಟೇ ಬೆಚ್ಚಗೆ ಮಾಡಿದಳು, ಮುಂಗೈಗೆ ಹನಿಸಿ ನೋಡಿದಳು. ಕಣ್ಣು, ಬಾಯಿಗೆ ಹತ್ತದಂತೆ ಸೆರಗು ಮರೆಮಾಡಿ ಎಳೆ ಎಳೆ ಬಿಡಿಸಿ ಬುಡದವರೆಗೆ ತಿಕ್ಕಿದಳು. ನಾಯಿ ಒಮ್ಮೆ ಮೈ ಕೊಡವಿದ್ದಕ್ಕೆ ಸುಣ್ಣ ಬಳಿದ ಗೋಡೆ ಹಾಳಾಯಿತು. ಒಣಗಿದ ಮೇಲೆ ನೋಡಿದರೆ ಇದ್ದಿಲಿಗಿಂತ ಕಪ್ಪು. ಇಷ್ಟು ಚೆಂದದ ಕೆಲಸ ತಾನು ಯಾವ ಸೀರೆಗೂ ಮಾಡಿಲ್ಲ ಎಂದು ಮಹಾರಾಯಿತಿ ಒಳಗೊಳಗೇ ಹಿಗ್ಗಿದಳು.

ಅದಾಗಿ ಒಂದು ವಾರಕ್ಕೆ ಯಾಂಗ್‌ಜೋಮ್ ಬಂದಳು, ಹಾಶಿಮನೂ ಬಂದ. ಬಾಗಿಲಲ್ಲೇ ನಗುತ್ತ ಕೈ ಚಾಚಿದವಳು ನಾಯಿಯನ್ನು ಕಂಡದ್ದೇ ಕೈ ಹಿಂದಕ್ಕೆಳೆದುಕೊಂಡಳು. ಅವಳ ಗುರುತು ಮರೆತಿದ್ದ ನಾಯಿ ಗೋದುಬಾಯಿಯ ಸೀರೆಯ ಹಿಂದೆ ಅಡಗಿತು. ಯಾಂಗ್‌ಜೋಮ್ ತಲೆಯಾಡಿಸಿ ಪಟಪಟನೆ ಏನೋ ಹೇಳಿದಳು. ಹಾಶಿಮನ ಮುಖ ಸಣ್ಣದಾಯಿತು.

"ಗೋದಕ್ಕ... ಇದು ಆಕೀ ನಾಯಿ ಅಲ್ಲಂತ."

"ಅಲ್ಲೇನು? ಕಣ್ಣ ತೆರದು ನೋಡಂತ ಹೇಳ್ರಿ! ಹೆಂಗ ಕೊಟ್ಟಿದ್ಲೋ ಹಂಗ ಕರ್ರಗ ಐತಿ!"

"ಅದಕ್ಕ ಅಲ್ಲ ಅಂತಾಳ ರೀ. ಇವರ ನಾಡಿನ ಈ ಮರಿಗಳು ಹುಟ್ಟಿದಾಗ ಕರ್ರಗ ಇರ್ತಾವಂತ. ಬೆಳಕೋಂತ ಹೋದಂಗ ಬುಡದಿಂದ ಬ್ಯಾರೆ ಕೂದಲ ಬಂದು ಬಣ್ಣ ತಿರಗತೈತಂತ. ಇಷ್ಟೊತ್ತಿಗೆ ಅದು ಬೆಲ್ಲದ ಬಣ್ಣ ಆಗಬೇಕಿತ್ತಂತ."

ಗೋದುಬಾಯಿ ಕೆಳಗೆ ಕುಳಿತಳು. ಬದಲಿ ಮಾಡಿದಳೆಂಬ ಮಾತು ಹುಟ್ಟಬಾರದೆಂದು ಮಾಡಿದ ಕೆಲಸವೇ ಆ ಮಾತನ್ನು ಹುಟ್ಟಿಸಿತ್ತು. ನಾಯಿಯನ್ನು ತೊಡೆಗೆ ಎಳೆದುಕೊಂಡು ಬೆರಳಿನಿಂದ ಬೆನ್ನಿನ ಕೂದಲು ಬಗೆದಳು. ಚರ್ಮದ ಹತ್ತಿರ, ಬಣ್ಣ ಹಾಕಿದ ಮೇಲೆ ಹುಟ್ಟಿದ ನವಿರು ಕೂದಲು ಕಂಡೂ ಕಾಣದಷ್ಟು ಹೊಂಬಣ್ಣವಾಗಿತ್ತು. ನಡೆದದ್ದನ್ನೆಲ್ಲ ಬಾಯಿಬಿಟ್ಟು ಹೇಳಿದಳು. ಹಾಶಿಮ ತಿಳಿಸಿದ.

ಯಾಂಗ್‌ಜೋಮ್ ಬೈಯಲಿಲ್ಲ. ಮೊಣಕಾಲೂರಿ ಆ ಬುಡದ ಮೇಲೆ ಬೆರಳಿಟ್ಟಳು. ಕಣ್ಣೀರು ಸುರಿಯುತ್ತಿತ್ತು. ಏನೋ ಪಿಸುಗುಟ್ಟಿದಳು.

"ಏನಂತಾಳ?" ಎಂದಳು ಗೋದುಬಾಯಿ.

"ಅದರವ್ವನ ಬಣ್ಣನೂ ಇದ ಅಂತ. ಆ ನಾಡಿಂದು ಅಂತ ಉಳಿದದ್ದು ಅದೊಂದ ಇತ್ತಂತ. ಥಂಡ್ಯಾಗ ಬೀದಿ ಬದಿ ಕೂತು ಮಾರೂವಾಗ ದಿನಾ ಇದನ್ನ ನೆನಸ್ತಿದ್ಲಂತ. ತಿರುಗಿ ಹೋಗೂದ್ರಾಗ ಮರಿ ಅವ್ವನಂಗ ಆಗಿರತೈತಿ, ಕಣ್ಣತುಂಬ ನೋಡೂಣು ಅಂತ." ಹಾಶಿಮ ಗೋದುಬಾಯಿಯತ್ತ ತಿರುಗಿದ. "ಗೋದಕ್ಕ, ತೊಳದರ ಹೋಗತೈತೇನು ಇದು?"

ಇಷ್ಟು ವರ್ಷ ಸಂತೆಯಲ್ಲಿ ನಾಲ್ಕು ಮಂದಿಗೆ ಕೇಳುವಂತೆ ಎದೆಯುಬ್ಬಿಸಿ ಹೇಳುತ್ತಿದ್ದ ಮಾತನ್ನು ಗೋದುಬಾಯಿ ಈಗ ಬಾಯಿಗೆ ಸೆರಗು ಒತ್ತಿಕೊಂಡು ಹೇಳಿದಳು.

"ನಾ ಹಾಕಿದ ಕಪ್ಪು ಹೋಗೂದಿಲ್ಲರೀ, ಹಾಶಿಮಭಾಯಿ."