ಉತ್ತರ ಹೇಳಬಾರದ ಕೋಣೆ

ಶಾಲೆಯಿಂದ ಫೋನು ಬಂದಾಗ ನಾನು ಪತ್ರೊಡೆಗೆ ಎಲೆಯ ಮೇಲೆ ಹಿಟ್ಟು ಹಚ್ಚುತ್ತಿದ್ದೆ. ಡೊಂಬಿವಲಿಯ ಬಾಜಾರಿನಲ್ಲಿ ಅಳೂ ಎಂದು ಮಾರುವ ಸೊಪ್ಪು ನಮ್ಮ ಊರಿನ ಕೆಸುವೇ ಎಂಬುದು ದೇವರು ನನಗೆ ಈ ಊರಿನಲ್ಲಿ ಇಟ್ಟಿರುವ ಚಿಕ್ಕ ಕೃಪೆಗಳಲ್ಲೊಂದು. ಎರಡೂ ಕೈ ಮೊಣಕೈವರೆಗೆ ಮಸಾಲೆಯಾಗಿದ್ದುದರಿಂದ ಫೋನನ್ನು ಮೂಗಿನ ತುದಿಯಿಂದ ಒತ್ತಿ ಸ್ಪೀಕರಿಗೆ ಹಾಕಿದೆ.

"ಮ್ಯಾಡಮ್, ಲವಕರ್ ಯಾ," ಎಂದ ಆಫೀಸಿನ ಗುಮಾಸ್ತ. ಬೇಗ ಬನ್ನಿ ಎಂದು. ಆಮೇಲೆ ಹಿಂದಿ ಭಾಷೆಗೆ ಹೊರಳಿ, ನಿಮ್ಮ ಮಗಳಿಂದಾಗಿ ಆರನೇ ಕ್ಲಾಸಿನ ಒಂದು ಹುಡುಗಿ ಕಾಣೆಯಾಗಿದ್ದಳು, ಈಗ ಸಿಕ್ಕಿದ್ದಾಳೆ, ಪ್ರಿನ್ಸಿಪಾಲ್ ನಿಮ್ಮನ್ನು ಕರೆಯುತ್ತಿದ್ದಾರೆ ಎಂದ.

ಕಾಣೆಯಾದದ್ದನ್ನೂ ಸಿಕ್ಕಿದ್ದನ್ನೂ ಒಂದೇ ಉಸಿರಿನಲ್ಲಿ ಹೇಳಿದ ಆ ಪುಣ್ಯಾತ್ಮನಿಗೆ ದೇವಿ ಒಳ್ಳೆಯದು ಮಾಡಲಿ. ನಡುವೆ ಅವನಿಗೊಂದು ಕೆಮ್ಮು ಬಂದಿದ್ದರೂ ನನ್ನ ಎದೆ ಅಲ್ಲೇ ನಿಲ್ಲುತ್ತಿತ್ತು.

ಎಲೆಗಳನ್ನು ಪಾತ್ರೆಯೊಡನೆ ಫ್ರಿಜ್ಜಿಗೆ ತಳ್ಳಿ, ಕೈ ತೊಳೆದು, ಕೊಡೆ ಹಿಡಿದು ಇಳಿದೆ. ಮಳೆಯಲ್ಲಿ ಕರೆದ ಮೊದಲ ರಿಕ್ಷಾವೇ ನಿಂತಿತು. ಈ ಊರಿನಲ್ಲಿದ್ದವರಿಗೆ ಅದು ಎಂಥ ಪವಾಡವೆಂದು ನಾನು ಹೇಳಬೇಕಾಗಿಲ್ಲ.

ಈ ಗಲಾಟೆಯ ಬೇರು ಮಗಳ ಶಾಲೆಯ ಒಂದು ಕೋಣೆಯಲ್ಲಿದೆ. ಮೊದಲು ಅಲ್ಲಿ ಮುರಿದ ಬೆಂಚು, ಹೆಚ್ಚಿನ ಕುರ್ಚಿ, ಗಣಪತಿ ಹಬ್ಬದ ಥರ್ಮೊಕೋಲು ಇಡುತ್ತಿದ್ದರು. ಈ ವರ್ಷ ಇಂಗ್ಲಿಷ್ ಟೀಚರ್ ಒಬ್ಬರು ಅದನ್ನು ಗುಡಿಸಿ, ಪ್ರಿನ್ಸಿಪಾಲರ ಕೈಯಿಂದ ತೆಂಗಿನಕಾಯಿ ಒಡೆಸಿ, 'ರೈಟಿಂಗ್ ಸೆಂಟರ್' ಎಂದು ಬೋರ್ಡು ಹಾಕಿಸಿದರು. ಬರೆಯಲು ತಿಣುಕಾಡುವ ಚಿಕ್ಕ ಮಕ್ಕಳು ಶಾಲೆ ಬಿಟ್ಟ ಮೇಲೆ, ಎರಡನೇ ಟ್ರಿಪ್ಪಿನ ವ್ಯಾನ್ ಬರುವ ತನಕ, ಅಲ್ಲಿಗೆ ಹೋಗಬಹುದು. ಒಂಬತ್ತು, ಹತ್ತನೇ ಕ್ಲಾಸಿನ ಕೆಲವು ಮಕ್ಕಳು ಪಕ್ಕದಲ್ಲಿ ಕೂತು ಸಹಾಯ ಮಾಡುತ್ತಾರೆ. ಅವರಿಗೆ ಟ್ಯೂಟರ್ ಎಂದು ಹೆಸರು, ಎದೆಗೆ ಒಂದು ಹಸಿರು ಬ್ಯಾಡ್ಜು.

ನನ್ನ ಮಗಳು ಒಂಬತ್ತನೇ ಕ್ಲಾಸು. ಡ್ಯಾನ್ಸಿಗೆ ಕರೆದರೆ ಕಂಬದ ಹಿಂದೆ, ಕಬಡ್ಡಿಗೆ ಕರೆದರೆ ಹೊಟ್ಟೆನೋವು. ಹೀಗಿದ್ದವಳನ್ನು ಶಾಲೆಯವರು ತಾವಾಗಿ ಆರಿಸಿದ್ದು ಇದೊಂದಕ್ಕೆ. ಬ್ಯಾಡ್ಜು ಬಂದ ದಿನ ಅವಳು ಅದನ್ನು ರಾತ್ರಿಯ ಉಡುಪಿಗೂ ಚುಚ್ಚಿಕೊಂಡು ಊಟಕ್ಕೆ ಕೂತಿದ್ದಳು. ನಾನು ಒಳಗೆ ಹೋಗಿ ದೇವಿಗೆ ಒಂದು ಹೂ ಹೆಚ್ಚಿಗೆ ಇಟ್ಟೆ.

ಆ ಕೋಣೆಗೆ ಒಂದು ಕಟ್ಟುನಿಟ್ಟು. ಟ್ಯೂಟರ್ ಆದವರು ಚಿಕ್ಕವರ ಪೆನ್ಸಿಲ್ ಮುಟ್ಟಬಾರದು. ಎದುರಿಗೆ ಕೂರಬಾರದು, ಪಕ್ಕದಲ್ಲೇ ಕೂರಬೇಕು. ಏನು ಬರೆಯಬೇಕೆಂದು ಹೇಳಿಕೊಡಲೇಬಾರದು. ಅವರು ಕೇಳಿದ್ದಕ್ಕೆ ತಿರುಗಿ ಕೇಳಬೇಕು, ಅಷ್ಟೇ. "ದೀದಿ, ಇಲ್ಲಿ ಏನು ಬರೀಲಿ?" ಎಂದರೆ "ನಿನಗೇನನ್ನಿಸುತ್ತದೆ?" ಮೊದಮೊದಲು ಮಕ್ಕಳು ಹೋಂವರ್ಕ್ ಬರೆಸಿಕೊಳ್ಳುವ ಆಸೆಯಿಂದ ಓಡಿಬಂದವರು, ಈ ದೀದಿಗಳಿಗೆ ಏನೂ ಬರುವುದಿಲ್ಲವೆಂದು ಸುದ್ದಿ ಹಬ್ಬಿಸಿ ಬರುವುದನ್ನೇ ಬಿಟ್ಟರು. ಒಂದು ವಾರ ಟ್ಯೂಟರುಗಳೇ ಒಬ್ಬರಿಗೊಬ್ಬರು ಪ್ರಶ್ನೆ ಕೇಳಿಕೊಂಡು, ನಾನು ಕಳಿಸಿದ ಚಕ್ಕುಲಿ ಖಾಲಿ ಮಾಡಿದರು. ಪೆನ್ಸಿಲಿಗೆ ಕೈ ಹೋಗದಿರಲಿ ಎಂದು ಅಂಗೈಗಳನ್ನು ತೊಡೆಯ ಕೆಳಗಿಟ್ಟು ಕೂರುತ್ತಾರಂತೆ. ಚಕ್ಕುಲಿಯ ಡಬ್ಬಿ ತೆರೆದಾಗ ಮಾತ್ರ ಕೈ ಬಿಡುಗಡೆಯಾಗುತ್ತಿತ್ತೆಂದು ಕಾಣುತ್ತದೆ.

ಅಲ್ಲಿ ಕಲಿತದ್ದನ್ನು ಅವಳು ಮನೆಗೂ ತಂದಳು. ನಾನು ತುಳುವಿನಲ್ಲಿ ಕೇಳಿದರೆ ಅವಳು ಹಿಂದಿಯಲ್ಲಿ ಉತ್ತರಿಸುವುದು ಹಳೆಯ ಪದ್ಧತಿ. ಈಗ ಉತ್ತರವೂ ನಿಂತಿತು. ಸಾರಿಗೆ ಉಪ್ಪು ಸಾಕೇ ನೋಡು ಎಂದರೆ, ಒಂದು ಚಮಚ ಕುಡಿದು, ತಲೆ ಓರೆ ಮಾಡಿ, "ತುಝೇ ಕ್ಯಾ ಲಗ್ತಾ ಹೈ, ಅಮ್ಮಾ?" ನಿನಗೇನನ್ನಿಸುತ್ತದೆ! ಈ ಸಾರಿನಲ್ಲಿ ನನಗೆ ತುಂಬ ಇಷ್ಟವಾದದ್ದು ಯಾವುದು ಎಂದೂ ಒಂದು ದಿನ ಕೇಳಿದಳು. ನಾನು ಸೌಟು ಎಂದೆ.

ನನ್ನ ಯಜಮಾನರು ಥಾಣೆ ಊರಿನ ಮಾಜಿವಾಡಾದಲ್ಲಿ ಒಂದು ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂರುವವರು. ಅವರ ಎಚ್ಚರಿಕೆ ಬೇರೆ: "ಅವಳನ್ನು ನಮ್ಮ ಹೋಟೆಲಿನ ಹತ್ರ ಬಿಡ್ಬೇಡ ಮಾರಾಯ್ತಿ. ಬಿಸಿ ಎಂತ ಉಂಟು ಅಂತ ಗಿರಾಕಿ ಕೇಳ್ತಾನೆ, ಇವಳು 'ನಿಮಗೆಂತ ಅನ್ನಿಸ್ತದೆ' ಅಂತಾಳೆ. ಮರುದಿನವೇ ಶೆಟರು ಎಳೀಬೇಕು."

ನಾವು ನಕ್ಕೆವು. ಅವಳು ಮಾತ್ರ ನಗಲಿಲ್ಲ. ಅವಳಿಗೆ ಅದು ವ್ರತದ ಹಾಗೆ. ವ್ರತ ಹಿಡಿದವರನ್ನು ಛೇಡಿಸಬಾರದೆಂದು ನನಗೂ ಗೊತ್ತು, ಆದರೆ ಬಾಯಿ ಕೇಳಬೇಕಲ್ಲ.

ರಿಕ್ಷಾದಲ್ಲಿ ಕೂತು ದೇವಿಗೆ ಒಂದು ಸೀರೆ ಹರಕೆ ಹೊತ್ತೆ. ಮಗು ಸಿಕ್ಕಿಯೇ ಆಗಿದೆಯಲ್ಲ ಎಂದು ನೆನಪಾಗಿ ರವಿಕೆ ಖಣಕ್ಕೆ ಇಳಿಸಿದೆ. ದೇವಿ ತಾಯಿ, ಅವಳಿಗೂ ಮನೆ ನಡೆಸುವ ಕಷ್ಟ ತಿಳಿಯುತ್ತದೆ.

ಪ್ರಿನ್ಸಿಪಾಲರ ಆಫೀಸಿನಲ್ಲಿ ನನ್ನ ಮಗಳು ಗೋಡೆಗೆ ಒತ್ತಿಕೊಂಡು ನಿಂತಿದ್ದಳು. ಬ್ಯಾಡ್ಜು ಎದೆಯ ಮೇಲಿರಲಿಲ್ಲ, ಮೇಜಿನ ಮೇಲಿತ್ತು. ಅದನ್ನು ನೋಡಿದ ಮೇಲೆ ನನಗೆ ಬೇರೇನೂ ಕೇಳಬೇಕೆನಿಸಲಿಲ್ಲ. ಅವಳು ಅಳುತ್ತಿರಲಿಲ್ಲ, ಅಳದಿರಲು ಎಷ್ಟು ಕಷ್ಟಪಡುತ್ತಿದ್ದಾಳೆಂದು ಅವಳ ಗಲ್ಲವೇ ಹೇಳುತ್ತಿತ್ತು.

ಕುರ್ಚಿಯಲ್ಲಿ ಆ ಚಿಕ್ಕ ಹುಡುಗಿಯ ತಾಯಿ, ಅವಳ ಮೊಣಕಾಲಿಗೆ ಅಂಟಿಕೊಂಡು ಹುಡುಗಿ. ನಡೆದದ್ದನ್ನು ಪ್ರಿನ್ಸಿಪಾಲ್ ಹೇಳಿದರು. ಹುಡುಗಿ ಬರೆಯುತ್ತಾ ಕೂತವಳು, "ದೀದಿ, ವ್ಯಾನ್ ಹೋಯಿತಾ?" ಎಂದು ಕೇಳಿದ್ದಾಳೆ. ನನ್ನ ಮಗಳು ಅವಳ ಹಾಳೆಯಿಂದ ತಲೆ ಎತ್ತದೆ, "ನಿನಗೇನನ್ನಿಸುತ್ತದೆ?" ಎಂದಿದ್ದಾಳೆ. ಹುಡುಗಿ ಪಾಪ ಯೋಚಿಸಿ, ಹೋಗಿಲ್ಲ ಅನ್ನಿಸುತ್ತದೆ ಎಂದು ಮತ್ತೆ ಬರೆಯತೊಡಗಿದ್ದಾಳೆ. ವ್ಯಾನು ಹೋಗಿತ್ತು. ಕಲ್ಯಾಣ ಊರಿನ ನಾಕಾದಲ್ಲಿ, ವ್ಯಾನ್ ನಿಲ್ಲುವ ಮೂಲೆಯಲ್ಲಿ, ಛತ್ರಿ ಹಿಡಿದು ನಿಂತ ತಾಯಿಯ ಮುಂದೆ ಡ್ರೈವರ್ ವ್ಯಾನ್‌ಕಾಕಾ ಬಾಗಿಲು ತೆಗೆದರೆ ಮಗಳೇ ಇಲ್ಲ.

ಆಕೆ ರಿಕ್ಷಾ ಹಿಡಿದು ಬರುವಷ್ಟರಲ್ಲಿ ಶಾಲೆಯವರು ಗ್ರೌಂಡು, ಲ್ಯಾಬು, ಬಾತ್‌ರೂಮು, ನೀರಿನ ಟಾಕಿಯ ಹಿಂಬದಿ ಎಲ್ಲ ಹುಡುಕಿದ್ದರು. ಆ ಕೋಣೆಯೊಂದನ್ನು ಬಿಟ್ಟು. ಅದು ಯಾರ ನೆನಪಿಗೂ ಬರಲಿಲ್ಲ, ಕಾಯಿ ಒಡೆದವರ ನೆನಪಿಗೂ. ಮಳೆಯ ಸದ್ದು, ಹಳೆಯ ಫ್ಯಾನಿನ ಸದ್ದು, ಒಳಗಿದ್ದ ಇಬ್ಬರಿಗೆ ಹೊರಗಿನ ಕೂಗು ಕೇಳಿಲ್ಲ. ಕೊನೆಗೆ ಸಿಟ್ಟಿನಲ್ಲಿ ಬಂದ ತಾಯಿಯನ್ನು ಕೂರಿಸಲು ಒಂದು ಕುರ್ಚಿ ತರೋಣವೆಂದು ಗುಮಾಸ್ತ ಹಳೆಯ ಅಭ್ಯಾಸದಿಂದ ಆ ಬಾಗಿಲು ತೆರೆದರೆ, ಅಲ್ಲಿ ಇವಳು ಅಂಗೈಗಳ ಮೇಲೆ ಕೂತಿದ್ದಾಳೆ, ಅವಳು ಬರೆಯುತ್ತಿದ್ದಾಳೆ.

ನಗು ಬಂತು. ನುಂಗಿದೆ. ದೇವಿ ನನಗೆ ಕೊಟ್ಟ ಶಕ್ತಿಗಳಲ್ಲಿ ಅದು ಆ ದಿನ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂತು.

"ನಾಳೆಯಿಂದ ಇವಳು ಅಲ್ಲಿ ಕೂರುವುದು ಬೇಡ," ಎಂದು ಪ್ರಿನ್ಸಿಪಾಲ್ ಹಿಂದಿಯಲ್ಲಿ ಮುಗಿಸಿದರು.

ನಾನು ದೇವರೊಡನೆ ಕನ್ನಡದಲ್ಲೇ ಮಾತಾಡುವ ಅಭ್ಯಾಸಬಲದಿಂದ ಬಾಯೊಳಗೇ, "ದೇವರೇ, ಎಂತ ಮಾಡುದು ಈಗ," ಎಂದೆ. ಕುರ್ಚಿಯಲ್ಲಿದ್ದಾಕೆ ತಟ್ಟನೆ ತಿರುಗಿದಳು.

"ಏನ್ರೀ, ನೀವು ಕನ್ನಡದವ್ರೇನ್ರಿ?"

"ಹೌದು ಮಾರಾಯ್ರೆ. ಉಡುಪಿ ಕಡೆ."

"ನಾವು ವಿಜಾಪುರದಾಗಿನವ್ರು. ನಮ್ಮ ಮನಿಯವ್ರು ಭಿವಂಡಿ ಗೋದಾಮಿನ್ಯಾಗ ಹಮಾಲರ ಮುಕಾದಮ ಅದಾರ." ಪರಿಚಯ ಮುಗಿದದ್ದೇ ಆಕೆ ಬೈಗುಳವನ್ನು ಕನ್ನಡದಲ್ಲಿ ಮೊದಲಿನಿಂದ ಶುರು ಮಾಡಿದಳು, ಹಿಂದಿಯಲ್ಲಿ ಅವಳಿಗೆ ಹೊಟ್ಟೆ ತುಂಬಿರಲಿಲ್ಲ. "ಅಲ್ರೀ ಬಾಯಾರ, ವ್ಯಾನ್ ಹೋತೇನು ಅಂತ ಕೂಸು ಕೇಳಿದ್ರ, ಹೋಗೇತಿ ಅನಬೇಕು, ಇಲ್ಲಾ ಹೋಗಿಲ್ಲ ಅನಬೇಕು. ನಿನಗೇನ ಅನಸ್ತೈತಿ ಅಂತ ಕೇಳೂದು ಎಲ್ಲಿಂದ ಬಂತ್ರಿ? ವ್ಯಾನ್ ಏನು ಇಕಿಗೆ ಅನಿಸಿದ್ದ ಕೇಳಿ ನಿಲ್ತೈತೇನು?"

"ನಿಮ್ಮದು ಒಂದು ದಿನದ ಕತೆ," ಎಂದೆ. "ನನಗೆ ಮನೆಯಲ್ಲಿ ದಿನಾ ಉಂಟು. ಉಪ್ಪು ಸಾಕಾ ಅಂತ ಕೇಳಿದ್ರೂ ಇವಳು ಹೇಳುದಿಲ್ಲ."

ಆಕೆ ನನ್ನನ್ನೇ ನೋಡಿದಳು. ಆಮೇಲೆ ನನ್ನ ಮೊಣಕೈಯನ್ನು. "ಅದೇನ್ರಿ ಅಲ್ಲಿ, ಹಳದಿ ಕೆಂಪು?"

"ಪತ್ರೊಡೆ ಹಿಟ್ಟು. ಹಚ್ಚುವಾಗ ಫೋನು ಬಂತು."

"ನನ್ನ ಒಲಿ ಮ್ಯಾಗ ಬ್ಯಾಳಿ ಇತ್ತು. ಗ್ಯಾಸ್ ಬಂದ್ ಮಾಡೇನೋ ಇಲ್ಲೋ, ಈಗ ನೆನಪಾತು ನೋಡ್ರಿ!" ಎಂದು ಫೋನು ತೆಗೆದು ಪಕ್ಕದ ಮನೆಯವಳಿಗೆ ಹೇಳಿ ಗ್ಯಾಸ್ ನೋಡಿಸಿದಳು. ಬಂದ್ ಆಗಿತ್ತು. ಇಬ್ಬರೂ ಒಟ್ಟಿಗೆ ಮೇಲೆ ನೋಡಿ ಕೈಮುಗಿದೆವು. ಕನ್ನಡ ಬಾರದ ಪ್ರಿನ್ಸಿಪಾಲ್, "ಕಾಯ್ ಝಾಲ?" ಏನಾಯಿತು ಎಂದು ಗಾಬರಿಯಿಂದ ಕೇಳಿದರು.

ಏನೂ ಆಗಿಲ್ಲವೆಂದು ತಿಳಿದ ಮೇಲೆ ಅವರು ಚಿಕ್ಕವಳತ್ತ ತಿರುಗಿ ಕೇಳಿದರು: "ಈ ದೀದಿ ನಿನಗೆ ಏನು ಕಲಿಸಿದಳು?"

"ಕುಛ್ ನಹೀ," ಎಂದಿತು ಮಗು.

ಮುಗಿಯಿತು ಎಂದುಕೊಂಡೆ. ಮಗಳು ಬ್ಯಾಡ್ಜಿನತ್ತ ನೋಡುವುದನ್ನೂ ಬಿಟ್ಟಳು.

"ಏನೂ ಕಲಿಸ್ದೆ ಇಷ್ಟೊತ್ತನ ಏನ ಮಾಡಿದ್ರಿ ಒಳಗ?" ಎಂದು ತಾಯಿ ಅವಳ ಭುಜ ಹಿಡಿದಳು.

ಮಗು ಅರ್ಧ ಕನ್ನಡ ಅರ್ಧ ಹಿಂದಿಯಲ್ಲಿ ಹೇಳಿತು. ಬರೆಯಬೇಕಾದದ್ದು 'ನನ್ನ ತಾಯಿ'. ಗೈಡಿನಲ್ಲಿದ್ದಂತೆ, ತಾಯಿ ದೇವರ ಸಮಾನ, ಪ್ರೀತಿಯ ಸಾಗರ ಎಂದು ಬರೆದಿದ್ದಳು. ದೀದಿ, ಈ ಸಾಗರ ಬೆಳಿಗ್ಗೆ ಎದ್ದು ಏನು ಮಾಡುತ್ತದೆ ಎಂದು ಕೇಳಿದಳು. ಆಮೇಲೆ? ಆಮೇಲೆ? ಎಂದು ಕೇಳುತ್ತಲೇ ಇದ್ದಳು. ಅದಕ್ಕೇ ಹೊತ್ತಾಯಿತು.

"ಮತ್ತ ಏನ ಬರದಿ?"

ಮಗು ಬಾಗಿಲತ್ತ ಒಮ್ಮೆ ನೋಡಿಕೊಂಡಿತು, ಓಡಲು ದಾರಿ ಇದೆಯೇ ಎಂದು. "ನೀನು ಬಟಾಣಿಯವನ ಜೋಡಿ ಜಗಳಾ ಮಾಡೂದು. ಅಂವ ನಿನ್ನ ದೂರದಿಂದ ನೋಡಿದ ಕೂಡ್ಲೆ ತಕ್ಕಡಿ ಒರಸ್ತಾನ. ನೀ ಹೋದ ಮ್ಯಾಲ ಚಾಯ್ ಕುಡೀತಾನ."

ತಾಯಿ ಅವಳ ಭುಜ ಬಿಟ್ಟಳು.

"ಮತ್ತ?"

"ಕೊತಂಬರಿ ಪುಕ್ಕಟ ಕೊಡೂ ತನಕ ನೀ ಅಲ್ಲಿಂದ ಸರಿಯೂದಿಲ್ಲ ಅಂತ. ಆಮ್ಯಾಲ ಅದೇ ಕೊತಂಬರಿ ಬಾಜೂಮನಿ ಅಜ್ಜಿಗೆ ಕೊಟ್ಟು, ನಾ ಹೆಚ್ಚಿಗಿ ತಂದೀನಿ ಅಂತ ಸುಳ್ಳ ಹೇಳ್ತಿ ಅಂತ."

ಆಕೆಯ ಮುಖ ಮೊದಲು ಕೆಂಪಾಯಿತು. ಆಮೇಲೆ ಬಾಯಿಗೆ ಸೆರಗು ಹೋಯಿತು. ಸೆರಗಿನೊಳಗಿಂದ ಬಂದ ಸದ್ದು ಅಳುವೋ ನಗುವೋ ಎಂದು ಪ್ರಿನ್ಸಿಪಾಲರಿಗೆ ತಿಳಿಯದೆ ಅವರು ನೀರಿನ ಗ್ಲಾಸು ಮುಂದೆ ತಳ್ಳಿದರು. ನಗು. "ಇಷ್ಟ ಎಲ್ಲಾ ನೋಡ್ತೈತ್ರಿ ಈ ಹುಡುಗಿ! ಮನ್ಯಾಗ ಬಾಯಿ ಬಿಚ್ಚಂಗಿಲ್ಲ. ಸಾಲಿ ಹೆಂಗಿತ್ತು ಅಂದ್ರ 'ಠೀಕ್', ಅಷ್ಟ. ಎರಡನೇ ಮಾತಿಲ್ಲ."

ನಾನು ಇದೇ ಸಮಯವೆಂದು ಪ್ರಿನ್ಸಿಪಾಲರಿಗೆ ಎಲ್ಲವನ್ನೂ ನನ್ನ ಹರುಕು ಹಿಂದಿಯಲ್ಲಿ ದಾಟಿಸಿದೆ. ಬಟಾಣಿಯವನ ಚಹಾಕ್ಕೆ ಬಂದಾಗ ಅವರೂ ಕನ್ನಡಕ ತೆಗೆದು ಒರೆಸಿಕೊಂಡರು. ಆದರೂ ಬಗ್ಗಲಿಲ್ಲ. ಮಗುವನ್ನು ಕಳೆದುಕೊಳ್ಳುವ ಕೋಣೆ ತನಗೆ ಬೇಡ ಎಂದರು. ಅದೂ ನ್ಯಾಯವೇ, ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ.

ಕುರ್ಚಿಯಲ್ಲಿದ್ದಾಕೆಯೇ ಹಿಂದಿಯಲ್ಲಿ ಶುರುಮಾಡಿದಳು. ಬಟಾಣಿಯವನು ಪಾಪ ಏನನ್ನು ಅನುಭವಿಸುತ್ತಾನೆಂದು ಆಗ ನನಗೆ ಗೊತ್ತಾಯಿತು. ಮಗು ಕಳೆದದ್ದು ತನ್ನದು, ಸಿಟ್ಟು ತನ್ನದು. ತನ್ನ ಸಿಟ್ಟು ಇಳಿದ ಮೇಲೆ ಮ್ಯಾಡಮ್ ಏಕೆ ಹಿಡಿದುಕೊಂಡಿದ್ದಾರೆ? ಈ ದೊಡ್ಡ ಹುಡುಗಿ ದಿನಾ ಇವಳನ್ನು ಕೈಹಿಡಿದು ವ್ಯಾನಿನೊಳಗೆ ಕೂರಿಸಿ ಬರಲಿ. ಮರೆತರೆ ಆಮೇಲೆ ತೆಗೆಯಿರಿ. ಮತ್ತೆ ಆ ಕೋಣೆಗೆ ಒಂದು ಗಡಿಯಾರ ಹಾಕಿಸಿ, ಶಾಲೆಗೆ ಇಷ್ಟು ಫೀ ತಗೊಳ್ತೀರಿ, ಒಂದು ಗಡಿಯಾರ ಇಲ್ಲವೇ?

ಪ್ರಿನ್ಸಿಪಾಲ್ ಸೋತರು. ಮಗಳತ್ತ ತಿರುಗಿ, "ವ್ಯಾನಿನ ಜವಾಬ್ದಾರಿ ನಿನ್ನದು. ಆಗುತ್ತದಾ?" ಎಂದರು.

ಮಗಳ ತಲೆ ಓರೆಯಾಗುವುದು ಕಂಡಿತು. ಅಷ್ಟು ದಿನದ ವ್ರತ, ನಾಲಿಗೆಯ ತುದಿಗೆ ಬಂದುಬಿಟ್ಟಿತ್ತು. ನಾನು ಹಿಂದಿನಿಂದ ಅವಳ ಸೊಂಟಕ್ಕೆ ಚಿವುಟಿದೆ.

"ಆಗುತ್ತದೆ, ಮ್ಯಾಡಮ್," ಎಂದಳು.

ಅಷ್ಟು ದಿನಗಳಲ್ಲಿ ಅವಳ ಬಾಯಿಂದ ನಾನು ಕೇಳಿದ ಮೊದಲ ನೇರ ಉತ್ತರ ಅದು. ಬ್ಯಾಡ್ಜು ಕೈಗೆ ಬಂತು.

ಗೇಟಿನಲ್ಲಿ ವಿಜಾಪುರದಾಕೆ ನನ್ನ ಮಗಳ ಗಲ್ಲ ಹಿಡಿದು ಅಲುಗಾಡಿಸಿದಳು. "ಶಾಣ್ಯಾ ಅದಿ. ಆದ್ರ ಮುಂದಿನ ಸಲ ಇಕಿ ಅಪ್ಪನ ಬಗ್ಗೆ ಬರಸು. ಅವ್ರೂ ತಕ್ಕಡಿ ಮ್ಯಾಗ ಕುಂಡ್ರಲಿ."

ಮಗಳು ಪಕ್ಕಾ ಹಿಂದಿಯಲ್ಲಿ, "ಆಂಟಿ, ನಾನು ಬರೆಸುವುದಿಲ್ಲ, ಕೇಳುತ್ತೇನೆ ಅಷ್ಟೇ," ಎಂದು ತಿದ್ದಿದಳು. ಜೀವ ಉಳಿದ ಮೇಲೂ ನಿಯಮ ಬಿಡುವವಳಲ್ಲ.

ಮನೆಗೆ ಬರುವಾಗ ಇಬ್ಬರೂ ನೆನೆದೆವು. ಅವಳು ತಲೆ ಒರೆಸಿಕೊಳ್ಳುತ್ತಾ, ನಾಳೆ ಬೇಗ ಹೋಗಬೇಕು, ವ್ಯಾನ್‌ಕಾಕಾನ ಹತ್ತಿರ ಸರಿಯಾದ ಹೊತ್ತು ಕೇಳಿಕೊಂಡು ಕೋಣೆಯ ಬಾಗಿಲಿಗೆ ಬರೆದು ಅಂಟಿಸಬೇಕು ಎಂದಳು. ಒಂದು ಯೂನಿಫಾರ್ಮ್ ಈಗ ಒದ್ದೆಯಾಗಿತ್ತು, ಬೆಳಿಗ್ಗೆ ಒಗೆದ ಇನ್ನೊಂದು ಬಾಲ್ಕನಿಯ ಹಗ್ಗದಲ್ಲಿ ಇನ್ನೂ ಹಸಿಯಾಗಿತ್ತು. ಮಳೆ ಇದ್ದರೂ ಕರೆಂಟು ಹೋಗಿರಲಿಲ್ಲ, ಪುಣ್ಯ. ನಾನು ಹಗ್ಗದಿಂದ ಆ ಸ್ಕರ್ಟನ್ನು ಎಳೆದು, ನೆಲದ ಮೇಲೆ ಹಳೆಯ ಬೆಡ್‌ಶೀಟು ಮಡಿಸಿ ಹಾಸಿ, ಇಸ್ತ್ರಿಪೆಟ್ಟಿಗೆಯ ವೈರು ಚುಚ್ಚಿ, ಒಂದೊಂದು ನೆರಿಗೆಯನ್ನೂ ಒತ್ತಿ ಒಣಗಿಸುತ್ತಾ ಕೂತೆ.