ನಲವತ್ತು ದಿನ ತುಂಬದ ಡಿಸ್ಕು

ನಮ್ಮ ಲೋವೆಚ್ ಊರಿನಲ್ಲಿ ಕಂಪ್ಯೂಟರು ಕೆಟ್ಟರೆ ಜನ ಮೊದಲು ಅದರ ತಲೆಗೆ ತಟ್ಟುತ್ತಾರೆ, ಆಮೇಲೆ ಬೈಯುತ್ತಾರೆ, ಕೊನೆಗೆ ಮಿಂಕಾಳನ್ನು ಕರೆಯುತ್ತಾರೆ. ಮೊದಲೇ ಕರೆದರೆ ಏನು ಗಂಟು ಹೋಗುತ್ತದೋ ಕಾಣೆ.

ಮಿಂಕಾ ಹಿಂದೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ತಂತಿ ಜೋಡಿಸುತ್ತಿದ್ದವಳು. ಅದನ್ನು ಮುಚ್ಚಿದಾಗ ಉಳಿದವರು ಅಳುತ್ತ ಮನೆಗೆ ಹೋದರು. ಇವಳು ಅಲ್ಲಿ ಮೂಲೆಗೆ ಎಸೆದಿದ್ದ ಕಂಪ್ಯೂಟರೊಂದನ್ನು ಕೇಳಿ ತಂದು, ಅಡುಗೆಮನೆ ಮೇಜಿನ ಮೇಲೆ ಬಿಚ್ಚಿ ಜೋಡಿಸಿ, ಬಿಚ್ಚಿ ಜೋಡಿಸಿ ವಿದ್ಯೆ ಕಲಿತಳು. ನಾನು ಸುಲಭಕ್ಕೆ ಯಾರನ್ನೂ ಹೊಗಳುವವಳಲ್ಲ, ಊರಿಗೇ ಗೊತ್ತು. ಮಿಂಕಾಳ ಮಾತು ಬೇರೆ.

ನನ್ನದು ಸಾವಿಗೆ ಹೂಚಕ್ರ ಕಟ್ಟಿಕೊಡುವ ಅಂಗಡಿ. ಪಕ್ಕದಲ್ಲಿ ಪೆಂಚೊ ಸಾವಿನ ಹಾಳೆ ಅಚ್ಚು ಹಾಕುತ್ತಾನೆ. ಯಾರಾದರೂ ತೀರಿಕೊಂಡರೆ ಅವರ ಮುಖವಿರುವ ಹಾಳೆ ಮನೆಬಾಗಿಲಿಗೆ, ಕಂಬಕ್ಕೆ, ಬಸ್ ನಿಲ್ದಾಣಕ್ಕೆ ಅಂಟಬೇಕು. ನಲವತ್ತನೆಯ ದಿನ ಮತ್ತೊಮ್ಮೆ, ವರ್ಷಕ್ಕೆ ಇನ್ನೊಮ್ಮೆ. ಹೀಗಾಗಿ ಊರಿನ ಸತ್ತವರೆಲ್ಲ ಪೆಂಚೊನ ಕಂಪ್ಯೂಟರಿನಲ್ಲೇ ವಾಸ.

ಆ ಕಂಪ್ಯೂಟರು ತೀರಾ ನಿಧಾನವಾಗಿತ್ತೆಂದು ಅವನು ಹೊಸ ಡಿಸ್ಕು ತಂದು, ಹಳೆಯದರಲ್ಲಿದ್ದುದನ್ನೆಲ್ಲ ಅದಕ್ಕೆ ಇದ್ದಂತೆಯೇ ನಕಲು ಮಾಡಿದ. ಗುಂಡಿ ಒತ್ತಿದರೆ ಬರೀ ಕಪ್ಪು ಪರದೆ. ಹಳೆಯದರಿಂದಲೇ ಎಬ್ಬಿಸಲು ನೋಡಿದ. ಅದು ಕಟಕಟ ಎಂದು ಸುಮ್ಮನಾಯಿತು.

ಆಗಲೇ ಬಂದಳು ದೋನ್ಕಾ. ಅವಳ ಗಂಡ ತೋತ್ಯು ಹೋಗಿ ಮಾರನೆಯ ದಿನಕ್ಕೆ ನಲವತ್ತು. ಕ್ಯಾಮೆರಾ ಕಂಡರೆ ಕೊಟ್ಟಿಗೆಗೆ ನುಗ್ಗುತ್ತಿದ್ದ ಆಸಾಮಿ ಅವನು. ಇದ್ದದ್ದು ಒಂದೇ ಫೋಟೊ. ಪೆಂಚೊ ಅದನ್ನು ಯಂತ್ರಕ್ಕೆ ಇಳಿಸಿಕೊಂಡ ಮೇಲೆ, ಮೇಲಿನವರಿಗೆ ಗುರುತು ತೋರಿಸಲು ಬೇಕಾದೀತೆಂದು ಅವಳು ಅದನ್ನು ಗಂಡನ ಜೇಬಿನಲ್ಲಿಟ್ಟೇ ಮಣ್ಣು ಮಾಡಿಸಿದ್ದಳು. ಊರಲ್ಲಿ ಅಂಟಿಸಿದ್ದ ಹಾಳೆಗಳು ಮಳೆಗೆ ತೊಯ್ದು ಮುಖವೇ ಅಳಿಸಿಹೋಗಿತ್ತು.

"ಪೆಂಚೊ, ನನ್ನ ಗಂಡನ್ನ ಎಲ್ಲಿಟ್ಟಿದೀಯ?"

"ಒಳಗೇ ಇದಾರೆ ದೋನ್ಕಕ್ಕ. ಯಂತ್ರ ಏಳ್ತಿಲ್ಲ, ಅಷ್ಟೆ."

"ನಾಳೆ ಅವರ ಹೆಸರಲ್ಲಿ ಹಂಚೋಕೆ ಗೋಧಿ ನೆನೆಹಾಕಿ ಬಂದಿದೀನಿ, ಪಾದ್ರಿಗೆ ಹೇಳಿ ಆಗಿದೆ. ಮುಖ ಇಲ್ಲದ ಹಾಳೆ ಅಂಟಿಸ್ಲಾ? ಇನ್ಮೇಲೆ ಆ ಮುಖ ನಾನು ಎಲ್ಲಿ ನೋಡ್ಲೋ?"

ಪೇಟೆಯ ಇನ್ನೊಬ್ಬ ರಿಪೇರಿಯವನು ಫೋನಿನಲ್ಲೇ "ಎಲ್ಲಾ ಅಳಿಸಿ ಹೊಸದಾಗಿ ಹಾಕೋಣ" ಅಂದನಂತೆ. ಅವನ ಬಾಯಿಗೆ ಮಣ್ಣು ಹಾಕ! ನಾನೇ ಓಡಿಹೋಗಿ ಮಿಂಕಾಳನ್ನು ಕರೆತಂದೆ.

ಅವಳ ಕ್ರಮ ಒಂದೇ: ಮೊದಲು ನೋಡು, ಆಮೇಲೆ ಮುಟ್ಟು. ಹೊಸ ಡಿಸ್ಕನ್ನು ತಾನು ತಂದಿದ್ದ ಯಂತ್ರಕ್ಕೆ ಜೋಡಿಸಿ ಬರೀ ನೋಡಿದಳು. ನಕಲು ಸರಿಯಾಗಿಯೇ ಇತ್ತು. ಆದರೆ ಮುಖಗಳೆಲ್ಲ ಪೆಂಚೊನ ಓಬಿರಾಯನ ಕಾಲದ ಪ್ರೋಗ್ರಾಮಿನ ಹೊಟ್ಟೆಯಲ್ಲಿ. ಅದು ಬೇರೆ ಯಾವ ಕಂಪ್ಯೂಟರಿನಲ್ಲೂ ತೆರೆಯದು. ಈ ಯಂತ್ರವೇ ಏಳಬೇಕಿತ್ತು.

ಡಿಸ್ಕನ್ನು ವಾಪಸ್ ಹಾಕುತ್ತ ಕಂಪ್ಯೂಟರಿನ ಪೆಟ್ಟಿಗೆಯೊಳಗೆ ಬಗ್ಗಿ ನೋಡಿ ಕೇಳಿದಳು: "ಪೆಂಚೊ ಅಣ್ಣ, ನಕಲಾದ ಮೇಲೆ ಹಳೇದನ್ನ ಯಾಕೆ ಬಿಚ್ಚಿಲ್ಲ?"

ಪೆಂಚೊ ತಲೆ ತಗ್ಗಿಸಿದ. "ಇವತ್ತು ತಾನೆ ಅದರ ಕಾಲ ಮುಗೀತು. ಇಷ್ಟು ವರ್ಷ ನನ್ನ ಸಾಕಿದೆ. ಸತ್ತೋರದ್ದು ಏನನ್ನೇ ಆಗಲಿ, ನಲವತ್ತು ದಿನ ತುಂಬೋ ಮುಂಚೆ ಯಾರಾದ್ರೂ ಮನೆಯಿಂದ ಆಚೆ ಹಾಕ್ತಾರೇನಮ್ಮ?"

ನಾನು ಕಿಸಕ್ಕನೆ ನಕ್ಕೆ. ಮಿಂಕಾ ನಗಲಿಲ್ಲ.

"ಎರಡಕ್ಕೂ ಒಂದೇ ಹೆಸರು, ಒಂದೇ ಗುರುತು ಅಣ್ಣ. ಯಂತ್ರ ಕರೆದ್ರೆ ಇಬ್ರೂ 'ಓ' ಅಂತಾರೆ. ಅದರಲ್ಲೊಬ್ಬ ಸಾಯ್ತಾ ಇರೋನು. ಪಾಪ, ಅದು ಯಾರ ಹತ್ರ ಮಾತಾಡ್ಬೇಕು ಹೇಳಿ? ಹಳೇದನ್ನ ಆಚೆ ಹಾಕಲ್ಲ, ನಿಮ್ಮ ಮೇಜಿನ ಮೇಲೇ ಇಡ್ತೀನಿ. ಮನೆಯೊಳಗೇ ಇದ್ದಂಗಾಯ್ತಲ್ಲ?"

ಪೆಂಚೊ ಒಪ್ಪಿದ. ಬಿಳಿ ಬಟ್ಟೆ ಹಾಸಿ, ಡಿಸ್ಕನ್ನು ತಾನೇ ಅದರ ಮೇಲಿಟ್ಟ.

ಗುಂಡಿ ಒತ್ತಿದರು. ಮತ್ತೆ ಕಪ್ಪು ಪರದೆ! ದೋನ್ಕಾ ಶಿಲುಬೆಯ ಗುರುತು ಮಾಡಿಕೊಂಡಳು.

"ಇನ್ನೂ ಹಳೇದನ್ನೇ ಹುಡುಕ್ತಿದೆ. ಅಷ್ಟು ಬೇಗ ಮರೆಯುತ್ತಾ?" ಎಂದ ಮಿಂಕಾ, ಜೇಬಿನಿಂದ ಪೆನ್ ಡ್ರೈವ್ ತೆಗೆದು ಚುಚ್ಚಿದಳು. ಯಂತ್ರವನ್ನು ಅದರಿಂದ ಎಬ್ಬಿಸಿ, ಏಳುವ ದಾರಿ ತೋರಿಸುವ ಭಾಗವನ್ನು ಹೊಸ ಡಿಸ್ಕಿನಲ್ಲಿ ಮತ್ತೆ ಬರೆಸತೊಡಗಿದಳು. ಪ್ರತಿ ಸಾಲನ್ನೂ ಬೆರಳಿಟ್ಟು ಓದಿಕೊಂಡೇ ಮುಂದಿನದು. ದೋನ್ಕಾ "ಬೇಗ ಬೇಗ" ಎಂದು ಗೋಗರೆದರೂ ಅವಳ ಬೆರಳು ಒಂದು ಅಕ್ಷರ ಹಾರಿಸಲಿಲ್ಲ. ಆ ತಾಳ್ಮೆ ನನಗೆ ಏಳು ಜನ್ಮಕ್ಕೂ ಬರಲಿಕ್ಕಿಲ್ಲ.

ಪೆನ್ ಡ್ರೈವ್ ಕಿತ್ತು ಮತ್ತೆ ಗುಂಡಿ ಒತ್ತಿದಳು. ಪರದೆ ಬೆಳಗಿತು. ಪೆಂಚೊ ಟೋಪಿ ತೆಗೆದ.

ಅವನು ಪರದೆಯ ಮೇಲೆ ಹಾಳೆ ತೆರೆದ. ಕಣ್ಣು ಕಿರಿದು ಮಾಡಿಕೊಂಡು, ಗದರಿಸಿಕೊಂಡವನಂತೆ ತೋತ್ಯು ಕುಳಿತಿದ್ದ. ದೋನ್ಕಾ ನಮ್ಮನ್ನೆಲ್ಲ ತಳ್ಳಿ ಮುಂದೆ ಬಂದಳು.

"ಅಯ್ಯೋ ನಿನ್ನ! ನಾನಲ್ಲಿ ಗೋಳಾಡ್ತಿದ್ರೆ ನೀನಿಲ್ಲಿ ಬೆಚ್ಚಗೆ ಕೂತಿದೀಯಾ?"

ಪೆಂಚೊ ನಾಳೆಯ ಹಾಳೆಗಳನ್ನೆಲ್ಲ ಅಚ್ಚು ಹಾಕಿ ಯಂತ್ರ ಆರಿಸಲು ಹೊರಟ. ಮಿಂಕಾ ಅವನ ಕೈ ತಡೆದಳು. ಕಪ್ಪು ಅಂಚು ತೆಗೆಸಿದಳು, 'ನಲವತ್ತು ದಿನ' ಎಂಬುದನ್ನೂ ತೆಗೆಸಿದಳು. ಬರೀ ಮುಖ, ದೊಡ್ಡದಾಗಿ, ಒಂದೇ ಒಂದು ಹಾಳೆ.

"ಇದು ಕಂಬಕ್ಕಲ್ಲ ದೋನ್ಕಕ್ಕ. ನಿಮ್ಮ ಮನೆಗೆ."

ದೋನ್ಕಾ ಆ ಹಾಳೆಯನ್ನು ಮಡಿಸದೆ, ಮಳೆ ತಾಗದ ಹಾಗೆ ಕೋಟಿನೊಳಗೆ ಎದೆಗೆ ಒತ್ತಿಕೊಂಡಳು. ಮಿಂಕಾ ಹೋಗಿ ಬಾಗಿಲು ತೆರೆದು ಹಿಡಿದಳು.

"ನಡಿ," ಎಂದಳು ದೋನ್ಕಾ, ಕೋಟಿನೊಳಗೆ ಬಗ್ಗಿ. "ಮನೆಗೆ ಹೋಗೋಣ."