ಎಡಕ್ಕೆ ಎಳೆಯುವ ಬೋಟು

ಜನರನ್ನು ಹೊಳೆ ದಾಟಿಸಲು ನಾನು ನಡೆಸುವ ಬೋಟಿಗೆ ಒಂದು ಚಾಳಿ ಇದೆ. ನಿಲ್ಲಿಸಲೆಂದು ರಿವರ್ಸ್ ಗೇರು ಹಾಕಿದರೆ ಸಾಕು, ಹಿಂದಕ್ಕೆ ಬರುವ ಮೊದಲು ಅದರ ಹಿಂಭಾಗ ಎಡಕ್ಕೆ ಜಾರುತ್ತದೆ. ನೀರೊಳಗೆ ತಿರುಗುವ ಪಂಖದ ಗುಣ ಅದು. ಹೊಳೆಯ ಸೆಳವಿಗೆ ಮುಖ ಮಾಡಿಯೇ ದಡ ಹಿಡಿಯಬೇಕಾದ್ದರಿಂದ ಹಂಪಿ ಕಡೆಯ ಮೆಟ್ಟಿಲು ನನ್ನ ಎಡಕ್ಕೆ ಬರುತ್ತದೆ. ಅಲ್ಲಿ ಈ ಚಾಳಿಯೇ ಅನುಕೂಲ, ಬೋಟು ತಾನಾಗಿ ಮೆಟ್ಟಿಲಿಗೆ ಒರಗುತ್ತದೆ. ಈಚೆ ದಡದ ನಮ್ಮೂರು ವಿರೂಪಾಪುರಗಡ್ಡೆಯ ಮೆಟ್ಟಿಲು ಬಲಕ್ಕೆ. ಇಲ್ಲಿ ಮೂತಿ ದಡ ಮುಟ್ಟಿದರೂ ಹಿಂಭಾಗ ಹೊಳೆಗೆ ಓಡುತ್ತದೆ. ಮೊದಮೊದಲು ಹೂವಿನ ಬುಟ್ಟಿ ಹೊತ್ತ ಹೆಂಗಸರು, "ಇಳಿಯೂದೇನವ್ವಾ, ಈಜೂದೇನು?" ಎಂದು ಕೇಳುತ್ತಿದ್ದರು. ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಅವರಿಗೆ ಏನೂ ಅನ್ನಲಾಗದೆ ಬೋಟಿಗೆ ಬೈಯುತ್ತಿದ್ದೆ.

ಅಪ್ಪ ದಡದ ಬಂಡೆಯ ಮೇಲೆ ಕೂತು ನೋಡುತ್ತಿದ್ದ. ಜೀವಮಾನವಿಡೀ ಹರಗೋಲು, ಅಂದರೆ ಬಿದಿರಿನ ದುಂಡು ದೋಣಿ ನಡೆಸಿಕೊಂಡು ಬಂದವನು. ಬೇರೆಯವರ ಹರಗೋಲಿನಲ್ಲಿ ಕೂತರೂ ತನ್ನ ಹುಟ್ಟುಗೋಲು ಜೊತೆಗಿರಬೇಕು. ದಡ ಹತ್ತಿರವಾಗುತ್ತಲೇ ಎದ್ದು ನಿಂತು, ಕೋಲನ್ನು ಕಲ್ಲಿಗೆ ಊರಿ ತಾನೇ ನಿಲ್ಲಿಸದಿದ್ದರೆ ಅವನಿಗೆ ಸಮಾಧಾನವಿಲ್ಲ. ನನ್ನ ಬೋಟಿಗಂತೂ ಕಾಲೇ ಇಟ್ಟಿರಲಿಲ್ಲ. ಹೊಳೆಯ ಮೇಲೆ ಯಾರು ಹೊಗಳಿದರೇನು, ನನಗೆ ಬೇಕಿದ್ದದ್ದು ಅವನೊಬ್ಬನ ನಂಬಿಕೆ.

ಒಮ್ಮೆ ನನ್ನ ಬೈಗುಳ ಕೇಳಲಾರದೆ ಅವನೇ ಬಾಯಿಬಿಟ್ಟ. "ಹರಗೋಲು ಗಿರಿಗಿರಿ ತಿರುಗತೈತಿ. ಅದನ್ನ ಬೈತೀವೇನು? ಈ ಕಡಿ ತಿರುಗಿದ್ರ ಆ ಕಡಿ ನೀರ ಎಳಿತೀವಿ. ಇದು ಎಡಕ್ಕ ಹೋಗೂದಿದ್ರ ನೀ ಮೊದಲ ಬಲಕ್ಕ ದಬ್ಬು."

ಖಾಲಿ ಬೋಟಿನಲ್ಲಿ ಅದನ್ನೇ ಮಾಡಿ ಮಾಡಿ ನೋಡಿದೆ. ದಡದ ಹತ್ತಿರ ವೇಗ ಇಳಿಸಿ, ಚುಕ್ಕಾಣಿಯನ್ನು ಪೂರ್ತಿ ಎಡಕ್ಕೆ ತಿರುಗಿಸಿ, ಮುಂದಿನ ಗೇರಿನಲ್ಲಿ ಒಂದು ಸಣ್ಣ ದಬ್ಬು. ಮೂತಿ ಹೊಳೆಯ ಕಡೆ, ಹಿಂಭಾಗ ದಡದ ಕಡೆ ಹೊರಳುತ್ತದೆ. ಇನ್ನೇನು ಕಲ್ಲಿಗೆ ಬಡಿಯಿತು ಅನ್ನುವಾಗ ರಿವರ್ಸ್. ಎಡಕ್ಕೆ ಎಳೆಯುವ ಅದೇ ಚಾಳಿ ಹೊರಳುವುದನ್ನು ತಡೆದು, ಬೋಟನ್ನು ಮೆಟ್ಟಿಲ ಪಕ್ಕಕ್ಕೆ ನಿಲ್ಲಿಸುತ್ತದೆ. ಹೇಳುವುದಕ್ಕೆ ಸಲೀಸು, ಕೈಗೆ ಹತ್ತಲು ಒಂದು ಮಳೆಗಾಲವೇ ಬೇಕಾಯಿತು. ಹತ್ತಿದ ಮೇಲೆ ಜಂಬವೂ ಬಂತು, ಸುಳ್ಳು ಯಾಕೆ ಹೇಳಲಿ.

ಆಮೇಲೆ ಮೊಣಕಾಲು ನೋವು ಬಂದು, ಹರಗೋಲಿಗೆ ಹತ್ತಿ ಇಳಿಯುವುದೂ ಆಗದೆ ಅಪ್ಪ ಅದನ್ನು ಬಿಟ್ಟ. ಆಚೆ ದಡದ ಸೋದರತ್ತೆಯ ಮನೆಯಲ್ಲಿ ಕೂಸಿಗೆ ತೊಟ್ಟಿಲು ಹಾಕುವ ದಿನ, ಬೇರೆ ದಾರಿಯಿಲ್ಲದೆ ನನ್ನ ಬೋಟು ಹತ್ತಿದ. ಕೈಯಲ್ಲಿ ಹುಟ್ಟುಗೋಲು.

"ಅದ್ಯಾಕಪ್ಪಾ?"

"ಇರಲಿ ಬಿಡು."

ಹಂಪಿ ಕಡೆ ಬೋಟು ಮೆತ್ತಗೆ ಒರಗುವ ಮೊದಲೇ ಎದ್ದು ಕೋಲು ಊರಿಯೇಬಿಟ್ಟ. ನನಗೆ ಮೈಯೆಲ್ಲ ಉರಿದುಹೋಯಿತು.

ಸಂಜೆ ಮರಳುವಾಗ ಹೊಳೆ ತುಸು ಏರಿತ್ತು. ನಮ್ಮ ಮೆಟ್ಟಿಲು ಹತ್ತಿರವಾಯಿತು. ಅಪ್ಪನ ಕೈ ಕೋಲಿನ ಮೇಲೆ ಹೋಯಿತು. ನಾನು ಚುಕ್ಕಾಣಿ ತಿರುಗಿಸಿ ಒಮ್ಮೆ ದಬ್ಬಿದೆ. ಹಿಂಭಾಗ ಕಲ್ಲಿನತ್ತ ಹೊರಳಿತು. ಅವನು ನೀರು ನೋಡಿದ, ನನ್ನ ಕೈ ನೋಡಿದ. ಆಮೇಲೆ ಕೋಲನ್ನು ಬೋಟಿನ ತಳಕ್ಕೆ ಮಲಗಿಸಿ ಕೂತಲ್ಲೇ ಕೂತ. ರಿವರ್ಸ್ ಹಾಕಿದೆ. ಕಲ್ಲಿಗೆ ತಾಗಿದ ಸದ್ದೂ ಇಲ್ಲದೆ ಬೋಟು ನಿಂತಿತು.

ಎಲ್ಲರೂ ಇಳಿದ ಮೇಲೆ ಅವನು ನಿಧಾನಕ್ಕೆ ಎದ್ದು, ಮೆಟ್ಟಿಲೇರಿ ಮನೆಯತ್ತ ನಡೆದ.

"ಅಪ್ಪಾ, ನಿನ್ನ ಕೋಲು!" ಎಂದು ಕೂಗಿದೆ.

ಅವನು ತಿರುಗಲಿಲ್ಲ. "ಅಲ್ಲೇ ಇರಲಿ ಬಿಡವ್ವಾ. ಇನ್ನ ನನಗ್ಯಾಕ ಅದು?" ಎಂದ.